ಕೇಳುವ ಕಿವಿಗೂ ಪರವಾನಗಿ

ಕಳೆದ ಬೇಸಿಗೆಯಲ್ಲಿ ಚನ್ನಗಿರಿಯ ನಮ್ಮ ಸೋದರಮಾವನವರ ಮನೆಯ ಅಟ್ಟವನ್ನು ತೆರವು ಮಾಡುವ ಕೆಲಸ ನನ್ನ ಪಾಲಿಗೆ ಬಂದಿತು. ಅವರು ತೀರಿಕೊಂಡು ಒಂದು ವರ್ಷ ತುಂಬಿತ್ತು. ಹಳೆಯ ಪಂಚಾಂಗಗಳು, ತುಕ್ಕು ಹಿಡಿದ ಪಾನಾಗಳು, ಮದುವೆಯ ಲಗ್ನಪತ್ರಿಕೆಗಳು, ಇವುಗಳ ನಡುವೆ ತಗಡಿನ ಟ್ರಂಕೊಂದರ ತಳದಲ್ಲಿ ಅಂಗೈಯಗಲದ ಒಂದು ಪುಸ್ತಕ ಸಿಕ್ಕಿತು. ಬ್ಯಾಂಕಿನ ಪಾಸ್‌ಪುಸ್ತಕವಿರಬೇಕೆಂದು ಮೊದಲು ಭಾವಿಸಿದೆ. ಬಿಡಿಸಿ ನೋಡಿದರೆ ಅದು ರೇಡಿಯೋ ಪರವಾನಗಿ. ಅಡಿಕೆ ವ್ಯಾಪಾರಿಯೊಬ್ಬರ ಹೆಸರು, ಸೆಟ್ಟಿನ ತಯಾರಕರ ಹೆಸರು, ಸೆಟ್ಟಿನ ಸಂಖ್ಯೆ; ಮುಂದಿನ ಪುಟಗಳಲ್ಲಿ ವರ್ಷ ವರ್ಷವೂ ಹಣ ಕಟ್ಟಿಸಿಕೊಂಡು ಒತ್ತಿದ ಅಂಚೆ ಕಚೇರಿಯ ದುಂಡು ಮುದ್ರೆ. ನಮ್ಮ ಮಾವ ಆ ವ್ಯಾಪಾರಿಗಳ ಅಂಬಾಸಡರ್ ಗಾಡಿಯನ್ನು ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ನಡೆಸಿದವರು. ಪುಸ್ತಕ ಯಜಮಾನರದು, ಅದು ಉಳಿದದ್ದು ಚಾಲಕನ ಪೆಟ್ಟಿಗೆಯಲ್ಲಿ. ಅದೇಕೆ ಹಾಗಾಯಿತೆಂಬುದನ್ನು ಮುಂದೆ ಹೇಳುತ್ತೇನೆ.

ಆ ಪುಸ್ತಕವನ್ನು ನಾನು ತರಗತಿಗೆ ಒಯ್ದೆ. ಕನ್ನಡದ ಪಾಠ ಮಾಡುವವನಿಗೆ ಇಂಥ ಕಾಗದಗಳೂ ಒಂದು ಬಗೆಯ ಶಾಸನವೇ. ಹಾಳೆ ಕೈಯಿಂದ ಕೈಗೆ ಸಾಗಿತು. ಜಗಳೂರಿನ ಕಡೆಯ ಹಳ್ಳಿಯಿಂದ ಬರುವ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: “ಸಾರ್, ಮಾತಾಡೋದಕ್ಕೆ ಲೈಸೆನ್ಸು ಬೇಕು ಅಂದರೆ ಅರ್ಥವಾಗುತ್ತೆ. ಕೇಳೋದಕ್ಕೂ ಬೇಕಾಗಿತ್ತೇ?” ಉತ್ತರ ನನ್ನ ಬಳಿ ಸಿದ್ಧವಾಗಿರಲಿಲ್ಲ. ಅದನ್ನು ಹುಡುಕಿಕೊಂಡು ಹೊರಟಾಗ ನನಗೆ ಹೊಳೆದುದಿಷ್ಟು: ಅದು ಮುಗಿದುಹೋದ ಕಾಲದ ಪ್ರಶ್ನೆಯಲ್ಲ, ಈ ಹೊತ್ತಿನ ಪ್ರಶ್ನೆ.

ಮೊದಲು ಇತಿಹಾಸ. 1927ರ ಜುಲೈ ತಿಂಗಳಲ್ಲಿ ಮುಂಬಯಿಯಲ್ಲಿ ಪ್ರಸಾರ ಆರಂಭಿಸಿದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯು ಮೂರು ವರ್ಷ ತುಂಬುವುದರೊಳಗೆ ದಿವಾಳಿಯೆದ್ದಿತು. ಅದರ ಆದಾಯದ ಒಂದು ದೊಡ್ಡ ಆಧಾರ ಕೇಳುಗರು ಕಟ್ಟುವ ಪರವಾನಗಿ ಶುಲ್ಕ. ಕೇಳುಗರೋ ಸೆಟ್ಟು ಇಟ್ಟುಕೊಂಡು ಶುಲ್ಕವನ್ನು ತಪ್ಪಿಸುತ್ತಿದ್ದರು. 1930ರಲ್ಲಿ ಸರ್ಕಾರವೇ ಪ್ರಸಾರವನ್ನು ವಹಿಸಿಕೊಂಡಿತು. 1885ರ ಟೆಲಿಗ್ರಾಫ್ ಶಾಸನ ಕೈಯಲ್ಲಿತ್ತಾದರೂ ಸೆಟ್ಟನ್ನು ಸುಮ್ಮನೆ ಮನೆಯಲ್ಲಿಟ್ಟುಕೊಂಡವನನ್ನು ಹಿಡಿಯಲು ಅದು ಸಾಲದಾಯಿತು. ಆದ್ದರಿಂದ 1933ರಲ್ಲಿ ಇಂಡಿಯನ್ ವೈರ್‌ಲೆಸ್ ಟೆಲಿಗ್ರಫಿ ಶಾಸನ ಹುಟ್ಟಿತು. ಅದರ ಮೂರನೆಯ ಪ್ರಕರಣದ ಸಾರ ಒಂದೇ ವಾಕ್ಯದ್ದು: ಪರವಾನಗಿಯಿಲ್ಲದೆ ಯಾರೂ ನಿಸ್ತಂತು ಉಪಕರಣವನ್ನು ಹೊಂದಿರತಕ್ಕದ್ದಲ್ಲ. ನಿಸ್ತಂತು ಸಂಪರ್ಕವೆಂದರೆ ಸಂಕೇತಗಳನ್ನು ಕಳುಹಿಸುವುದು ಮಾತ್ರವಲ್ಲ, ಸ್ವೀಕರಿಸುವುದೂ ಹೌದೆಂದು ಎರಡನೆಯ ಪ್ರಕರಣ ಮೊದಲೇ ಹೇಳಿಬಿಟ್ಟಿತ್ತು. ಬಾಯಿಯನ್ನೂ ಕಿವಿಯನ್ನೂ ಒಂದೇ ಹಗ್ಗದಲ್ಲಿ ಕಟ್ಟಿದಂತಾಯಿತು. ಮೊದಲ ತಪ್ಪಿಗೆ ನೂರು ರೂಪಾಯಿಯವರೆಗೆ ದಂಡ, ಮತ್ತೆ ತಪ್ಪಿದರೆ ಇನ್ನೂರೈವತ್ತರವರೆಗೆ. ಆ ಕಾಲದ ನೂರು ರೂಪಾಯಿ ಎಂದರೆ ಸಾಮಾನ್ಯ ಸಂಸಾರಕ್ಕೆ ಕೆಲವು ತಿಂಗಳ ಜೀವನ.

ಬ್ರಿಟಿಷ್ ಇಂಡಿಯಾಕ್ಕೆಂದು ಹುಟ್ಟಿದ ಈ ಶಾಸನ ಗಣರಾಜ್ಯದ ಶಾಸನವಾಗಿಯೂ ಮುಂದುವರಿಯಿತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕೂ ಊರುಗಳು ಆಗ ಮೈಸೂರು ಸಂಸ್ಥಾನದವು. ಮೊದಲ ಮೂರು ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ದಾವಣಗೆರೆ ಜಿಲ್ಲೆಯಾಗಿ ಇವೆಲ್ಲ ಒಂದು ಸೂರಿನಡಿ ಬಂದದ್ದು 1997ರಲ್ಲಿ. ಸ್ವಾರಸ್ಯವೆಂದರೆ, ದೆಹಲಿಯಲ್ಲಿ ಕೇಳುವವರನ್ನು ಹಿಡಿಯುವ ಶಾಸನ ಹುಟ್ಟಿದ ಎರಡೇ ವರ್ಷಕ್ಕೆ, ಅಂದರೆ 1935ರಲ್ಲಿ, ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ನಡೆಸತೊಡಗಿದರು. ಅದಕ್ಕೆ ಬಂದ ಹೆಸರೇ ‘ಆಕಾಶವಾಣಿ’. ಆ ಹೆಸರನ್ನು ಮುಂದೆ ಇಡೀ ದೇಶದ ಪ್ರಸಾರ ಸಂಸ್ಥೆ ತನ್ನದಾಗಿಸಿಕೊಂಡಿತು. 2023ರ ಮೇ ತಿಂಗಳಲ್ಲಿ ಇಂಗ್ಲಿಷ್ ಹೆಸರನ್ನು ಕೈಬಿಟ್ಟು ಅದೊಂದನ್ನೇ ಬಳಸಬೇಕೆಂದು ತೀರ್ಮಾನಿಸಿತು.

ಈಗ ಮೋಟಾರು ಗಾಡಿಯ ವಿಷಯ. 1933ರ ಶಾಸನದ ಏಳನೆಯ ಪ್ರಕರಣ ಶೋಧನೆಯ ಅಧಿಕಾರವನ್ನು ಕೊಡುವಾಗ ಕಟ್ಟಡ, ನೌಕೆ, ಸ್ಥಳ ಎಂದು ಹೇಳುತ್ತದೆ. ಮೋಟಾರನ್ನು ಬೇರೆಯಾಗಿ ಹೆಸರಿಸುವುದಿಲ್ಲ. ಶಾಸನ ಬರೆದವರ ಕಣ್ಣ ಮುಂದೆ ಕಡಲ ಹಡಗಿತ್ತು. ಸೂಳೆಕೆರೆಯ ಏರಿಯ ಮೇಲೆ ಹಾಡು ಕೇಳುತ್ತ ಹೋಗುವ ಕಾರು ಇನ್ನೂ ಇರಲಿಲ್ಲ. ಆದರೆ ಆರನೆಯ ಪ್ರಕರಣದಲ್ಲಿ ಒಂದು ಮಾತಿದೆ. ನಮ್ಮ ಮಾವನಂಥವರಿಗೆ ತಗುಲುವ ಮಾತು. ಉಪಕರಣವು ಯಾರ ವಶದಲ್ಲಿರುವಂತೆ ಮೇಲುನೋಟಕ್ಕೆ ಕಾಣುತ್ತದೆಯೋ, ಅವನೇ ಅದನ್ನು ಹೊಂದಿರುವವನೆಂದು ನ್ಯಾಯಾಲಯ ಭಾವಿಸಿಕೊಳ್ಳಬಹುದು. ಕಾರಿನಲ್ಲಿ ಮೇಲುನೋಟಕ್ಕೆ ವಶ ಯಾರದು? ಚಕ್ರ ಹಿಡಿದವನದು. ಸೆಟ್ಟು ಕೊಂಡವರು ಹಿಂದಿನ ಸೀಟಿನಲ್ಲಿ ಒರಗಿರುತ್ತಾರೆ. ಎಷ್ಟೋ ದಿನ ಗಾಡಿಯಲ್ಲಿಯೇ ಇರುವುದಿಲ್ಲ.

ಒಂದು ಸಂಜೆ ಹಾಗೆಯೇ ಆಯಿತು. ನವೀಕರಣಕ್ಕೆಂದು ಪುಸ್ತಕ ಯಜಮಾನರ ಮನೆಯಲ್ಲಿ ಉಳಿದಿತ್ತು. ಊರೊಂದರ ಹೊರವಲಯದಲ್ಲಿ ತಪಾಸಣೆಗೆ ಗಾಡಿ ನಿಂತಾಗ ಹಾಡುತ್ತಿದ್ದ ಸೆಟ್ಟಿನ ಪರವಾನಗಿ ಎಲ್ಲಿ ಎಂದು ಕೇಳಿದರು. ಇಲ್ಲವೆಂದುದಕ್ಕೆ ಮಾವನನ್ನು ರಾತ್ರಿಯ ತನಕ ಬೆಂಚಿನ ಮೇಲೆ ಕೂರಿಸಿದರು. ಯಜಮಾನರು ಬಂದು ಪುಸ್ತಕ ತೋರಿಸಿದ ಮೇಲೆ ಎರಡು ಮಾತಿನಲ್ಲಿ ಎಲ್ಲ ಮುಗಿಯಿತು. ಅವರಿಗೆ ಕಾಫಿಯೂ ಬಂತು. ಮರುದಿನದಿಂದ ಮಾವ ಆ ಪುಸ್ತಕವನ್ನು ತಮ್ಮ ಬಳಿಯೇ ಇಟ್ಟುಕೊಂಡರು. “ಗಾಡಿ ಅವರದು, ರೇಡಿಯೋ ಅವರದು, ಹೆದರಿಕೆ ಮಾತ್ರ ನಂದು” ಎಂದು ಅವರು ನಗುತ್ತ ಹೇಳುತ್ತಿದ್ದರು. ಆ ನಗೆಯಲ್ಲಿ ನಗು ಅಷ್ಟಾಗಿ ಇರಲಿಲ್ಲವೆಂಬುದು ನನಗೆ ಅರ್ಥವಾದದ್ದು ಆರನೆಯ ಪ್ರಕರಣವನ್ನು ಓದಿದ ಮೇಲೆ.

ಕಾರಿನೊಳಗಿನ ರೇಡಿಯೋವನ್ನು ಕಂಡರೆ ಸರ್ಕಾರಗಳಿಗೆ ಅನುಮಾನ ಹುಟ್ಟುವುದು ನಮ್ಮ ದೇಶಕ್ಕೆ ಮಾತ್ರ ಸೇರಿದ ಸಂಗತಿಯಲ್ಲ. 1930ರ ಸುಮಾರಿಗೆ ಅಮೆರಿಕದಲ್ಲಿ ಕಾರಿನ ರೇಡಿಯೋಗಳು ಮಾರುಕಟ್ಟೆಗೆ ಬಂದಾಗ, ಚಾಲಕನ ಗಮನ ಕೆಡುತ್ತದೆಂಬ ಕಾರಣದಿಂದ ಅವನ್ನು ನಿಷೇಧಿಸಬೇಕೆಂದು ಅಲ್ಲಲ್ಲಿ ಪ್ರಸ್ತಾಪಗಳೆದ್ದವು. 1940ರಲ್ಲಿ, ಜರ್ಮನ್ ಸೇನೆ ಕಡಲು ದಾಟಿ ಬಂದೀತೆಂಬ ಭೀತಿಯಲ್ಲಿ, ಬ್ರಿಟನ್ ರಸ್ತೆಯ ವಾಹನಗಳಲ್ಲಿ ರೇಡಿಯೋ ಇರಕೂಡದೆಂದು ಆಜ್ಞೆ ಹೊರಡಿಸಿತು. ಜರ್ಮನಿಯಂತೂ ಯುದ್ಧದ ಮೊದಲ ದಿನವೇ, 1939ರ ಸೆಪ್ಟೆಂಬರ್ 1ರಂದು, ಹೊರನಾಡಿನ ಪ್ರಸಾರ ಕೇಳುವುದನ್ನೇ ಶಿಕ್ಷಾರ್ಹ ಅಪರಾಧವನ್ನಾಗಿಸಿತು. ಇಂದಿಗೂ ನ್ಯೂಯಾರ್ಕ್ ರಾಜ್ಯದ ಮೋಟಾರು ಕಾನೂನಿನಲ್ಲಿ, ಪೊಲೀಸರ ತರಂಗಗಳನ್ನು ಹಿಡಿಯಬಲ್ಲ ಗ್ರಾಹಕ ಯಂತ್ರವನ್ನು ಕಾರಿನಲ್ಲಿ ಅಳವಡಿಸುವುದಕ್ಕೆ ತಡೆಯಿದೆ. ಪರವಾನಗಿ ಪಡೆದ ಹವ್ಯಾಸಿ ರೇಡಿಯೋದವರಿಗೆ ವಿನಾಯಿತಿ. ಅದೇ ಯಂತ್ರ ಮನೆಯ ಮೇಜಿನ ಮೇಲಿದ್ದರೆ ಈ ಕಾನೂನು ಅದರ ತಂಟೆಗೆ ಹೋಗುವುದಿಲ್ಲ. ಕುಳಿತಲ್ಲಿ ಕುಳಿತು ಕೇಳುವವನನ್ನು ರಾಜ್ಯ ಸಹಿಸುತ್ತದೆ. ಚಲಿಸುತ್ತ ಕೇಳುವವನನ್ನು ಕಂಡರೆ ಅದರ ಹುಬ್ಬು ಗಂಟಿಕ್ಕುತ್ತದೆ.

ರಾಜ್ಯದ ಪಕ್ಷದಲ್ಲಿ ನ್ಯಾಯವೇ ಇಲ್ಲವೆಂದು ನಾನು ಹೇಳಲಾರೆ. ಆಕಾಶದ ತರಂಗಗಳು ಎಣಿಕೆಗೆ ಸಿಕ್ಕುವಷ್ಟೇ ಇವೆ. ಮನಸ್ಸಿಗೆ ಬಂದವರೆಲ್ಲ ಪ್ರೇಷಕ ಯಂತ್ರಗಳನ್ನು ಹಿಡಿದು ನುಡಿಯತೊಡಗಿದರೆ ವಿಮಾನಕ್ಕೆ ದಾರಿ ತಪ್ಪುತ್ತದೆ, ಹಡಗಿನ ಮೊರೆ ಕೇಳಿಸದೆ ಹೋಗುತ್ತದೆ. ಈ ಹಂಚಿಕೆಯನ್ನು ನೋಡಿಕೊಳ್ಳಲೆಂದೇ 1952ರಿಂದ ಕೇಂದ್ರ ಸರ್ಕಾರದಲ್ಲಿ ನಿಸ್ತಂತು ಯೋಜನೆಯ ಒಂದು ವಿಭಾಗವಿದೆ. ಪರವಾನಗಿಯಿಲ್ಲದ ವಾಕಿಟಾಕಿಗಳು ಅಂತರ್ಜಾಲದ ಅಂಗಡಿಗಳಲ್ಲಿ ಆಟಿಕೆಗಳಂತೆ ಮಾರಾಟವಾಗುತ್ತಿದ್ದುದನ್ನು ತಡೆಯಲು 2025ರಲ್ಲಿ ಮಾರ್ಗಸೂಚಿ ಬಂದದ್ದೂ ಯುಕ್ತವೇ. ಆದರೆ ಇದೆಲ್ಲ ನುಡಿಯುವವನಿಗೆ ಸಂಬಂಧಿಸಿದ್ದು. ಕೇಳುವವನು ಆಕಾಶದಿಂದ ಏನನ್ನೂ ಕಡಮೆ ಮಾಡುವುದಿಲ್ಲ. ಒಬ್ಬನು ಕೇಳಿದ ಹಾಡು ಇನ್ನೊಬ್ಬನ ಪಾಲಿಗೆ ಕುಂದುವುದಿಲ್ಲ. ಪ್ರಸಾರಕ್ಕೆ ಹಣ ಬೇಕು, ಅದಕ್ಕೆ ತೆರಿಗೆ ಎಂದರೆ ಒಪ್ಪೋಣ. ತೆರಿಗೆ ಕೊಡದವನನ್ನು ಬಾಕಿದಾರನೆನ್ನೋಣ. ಕೇಳಿದ್ದಕ್ಕಾಗಿ ಅಪರಾಧಿಯೆಂದು ಕರೆಯುವುದು ಬೇರೆ ಮಾತು.

ಹ್ರಸ್ವತರಂಗದ, ಅಂದರೆ ಜನ ಶಾರ್ಟ್‌ವೇವ್ ಎನ್ನುವುದರ, ವಿಶೇಷವೇನೆಂಬುದನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಎಫ್.ಎಂ. ತರಂಗ ಬಹುಮಟ್ಟಿಗೆ ಕಣ್ಣಿನಂತೆ. ಗುಡ್ಡ ಅಡ್ಡ ಬಂದರೆ ನಿಲ್ಲುತ್ತದೆ. ಮಧ್ಯಮ ತರಂಗ ಹಗಲಿನಲ್ಲಿ ನೆಲವನ್ನು ಹಿಡಿದು ಸಾಗುತ್ತದೆ. 1965ರಲ್ಲಿ ಆರಂಭವಾದ ಭದ್ರಾವತಿಯ ಆಕಾಶವಾಣಿ ಹೊನ್ನಾಳಿ, ಚನ್ನಗಿರಿಗಳ ಹೊಲಗಳಿಗೆ ತಲುಪುತ್ತಿದ್ದುದು ಹೀಗೆ. ಹ್ರಸ್ವತರಂಗವೋ ಮೇಲಕ್ಕೇರಿ, ನೂರಾರು ಕಿಲೋಮೀಟರು ಎತ್ತರದ ಅಯಾನುಗಳ ಪದರದಲ್ಲಿ ಬಾಗಿ, ಸಾವಿರಾರು ಕಿಲೋಮೀಟರು ಆಚೆ ಇಳಿಯುತ್ತದೆ. ಲಂಡನ್ನಿನ ಮಾತು ಹೊನ್ನಾಳಿಯ ತುಂಗಭದ್ರೆಯ ದಂಡೆಯಲ್ಲಿ ಕೇಳಲು ನಡುವೆ ತಂತಿ ಬೇಡ, ಗೋಪುರ ಬೇಡ, ಯಾವ ಸರ್ಕಾರದ ಒಪ್ಪಿಗೆಯೂ ಬೇಡ. ಗದ್ದಲದ ತರಂಗಗಳನ್ನು ಹರಿಯಬಿಟ್ಟು ಅದನ್ನು ಕೆಡಿಸಬಹುದು, ಗುಂಡಿಯೊತ್ತಿ ಆರಿಸಲಾಗದು.

ಕಾರಿನಲ್ಲಿ ಅದನ್ನು ಕೇಳುವುದು ಮಾತ್ರ ಸುಲಭವಾಗಿರಲಿಲ್ಲ. ಪೆಟ್ರೋಲ್ ಎಂಜಿನಿನ ಒಂದೊಂದು ಕಿಡಿಯೂ ಪುಟ್ಟ ಪ್ರೇಷಕ ಯಂತ್ರವೇ ಸರಿ. ಹ್ರಸ್ವತರಂಗದ ಕ್ಷೀಣ ದನಿಯ ಮೇಲೆ ಅದು ಹುರಿಗಡಲೆ ಸಿಡಿಸಿದಂತೆ ಪಟಪಟಿಸುತ್ತದೆ. ಕಿಡಿಯ ಗದ್ದಲವನ್ನು ಅಡಗಿಸುವ ಬಿಡಿಭಾಗಗಳನ್ನು ಹಾಕಿಸಿದರೂ ಪೂರ್ತಿ ಹೋಗುತ್ತಿರಲಿಲ್ಲ. ಹೀಗಾಗಿ ದೂರದ ವಾರ್ತೆ ಕೇಳಬೇಕಾದರೆ ಗಾಡಿ ನಿಲ್ಲಿಸಿ ಎಂಜಿನ್ ಆರಿಸಬೇಕಿತ್ತು. ಮಾವನ ಯಜಮಾನರ ಬೀಗರು ಜಗಳೂರಿನವರು. ಅಲ್ಲಿಂದ ಹಿಂತಿರುಗುವಾಗ ದಾವಣಗೆರೆ, ಸಂತೇಬೆನ್ನೂರು ದಾಟಿ ಸೂಳೆಕೆರೆಯ ಬಳಿ ಬರುವ ಹೊತ್ತಿಗೆ ಕತ್ತಲಾಗುತ್ತಿತ್ತು. ಏರಿಯ ಪಕ್ಕದಲ್ಲಿ ಗಾಡಿ ನಿಲ್ಲುತ್ತಿತ್ತು. ನೀರಿನ ಮೇಲಣ ಗಾಳಿ, ಬಾನೆಟ್ಟಿನ ಪಕ್ಕದ ಏರಿಯಲ್ ಕಂಬಿ, ಸಣ್ಣ ಹಳದಿ ದೀಪದ ಡಯಲು. ರೇಡಿಯೋ ಸಿಲೋನಿನ ಹಾಡು ಕೆಲವೊಮ್ಮೆ. ಬಿಬಿಸಿಯ ಹಿಂದೀ ವಾರ್ತೆ ಹಲವೊಮ್ಮೆ. ಅಡಿಕೆ ಉತ್ತರ ದೇಶಕ್ಕೆ ಹೋಗುವ ಸರಕಾದುದರಿಂದ ವ್ಯಾಪಾರಿಗಳಿಗೆ ಹಿಂದೀ ಬರುತ್ತಿತ್ತು. ಅವರು ಕೇಳಿ ಹೇಳಿದ್ದನ್ನು ಮಾವ ಕೇಳಿಕೊಳ್ಳುತ್ತಿದ್ದರು.

1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಬಂದಿತು. ಪತ್ರಿಕೆಗಳ ಮೇಲೆ ಸೆನ್ಸಾರಿನ ಕತ್ತರಿ ಬಿತ್ತು; ಆಕಾಶವಾಣಿ ಸರ್ಕಾರದ ಕಂಠವಾಯಿತು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು ಸೆರೆಮನೆ ಸೇರಿದರು. ಇದೇ ಪಟೇಲರು 1967ರಲ್ಲಿ ಶಿವಮೊಗ್ಗ ಕ್ಷೇತ್ರದಿಂದ ಗೆದ್ದು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿ, ಕನ್ನಡವನ್ನೂ ಆ ಸಭೆ ಕೇಳಿಸಿಕೊಳ್ಳಬೇಕೆಂಬುದನ್ನು ಮೊದಲು ತೋರಿಸಿಕೊಟ್ಟವರು. ಮುಂದೆ ನಾಡಿನ ಮುಖ್ಯಮಂತ್ರಿಗಳಾದವರು. ತಮ್ಮ ತಾಲ್ಲೂಕಿನ ಮನುಷ್ಯ ಸೆರೆಯಲ್ಲಿರುವಾಗ ದೇಶದ ನಿಜಸ್ಥಿತಿಯೇನೆಂಬುದನ್ನು ಚನ್ನಗಿರಿಯ ಜನ ಯಾರಿಂದ ತಿಳಿಯಬೇಕಿತ್ತು? ಆ ತಿಂಗಳುಗಳಲ್ಲಿ ಏರಿಯ ಮೇಲೆ ಗಾಡಿ ನಿಂತಾಗ ಕಿಟಕಿಯ ಗಾಜುಗಳು ಮೇಲೇರುತ್ತಿದ್ದವು, ದನಿ ತಗ್ಗುತ್ತಿತ್ತು. ಪರವಾನಗಿ ಪುಸ್ತಕ ಮಾವನ ಜೇಬಿನಲ್ಲಿದ್ದೇ ಇತ್ತು. ಆದರೂ ಹೆದರಿಕೆ. ಕೇಳುವುದಕ್ಕೆ ಅಪ್ಪಣೆ ಬೇಕೆಂದು ನಲವತ್ತು ವರ್ಷ ಕಲಿಸಿದ ಮೇಲೆ, ಅಪ್ಪಣೆ ಪಡೆದವನೂ ಕದ್ದು ಕೇಳುವವನಂತೆಯೇ ಕೂರುತ್ತಾನೆ. ಪರವಾನಗಿ ಪದ್ಧತಿ ಕಸಿದುಕೊಂಡದ್ದು ವರ್ಷಕ್ಕೆ ಹದಿನೈದು ರೂಪಾಯಿಯನ್ನಲ್ಲ, ಈ ಧೈರ್ಯವನ್ನು.

1980ರ ದಶಕದ ಮಧ್ಯಭಾಗದ ಹೊತ್ತಿಗೆ ರೇಡಿಯೋ ಪರವಾನಗಿ ಹಂತಹಂತವಾಗಿ ಇಲ್ಲವಾಯಿತು. ಜನ ಅಂಚೆ ಕಚೇರಿಯ ಸಾಲಿನಲ್ಲಿ ನಿಲ್ಲುವುದು ತಪ್ಪಿತು. ನನ್ನ ಪೀಳಿಗೆಯವರು ಪರವಾನಗಿಯ ಅನುಭವವೇ ಇಲ್ಲದೆ ಬೆಳೆದೆವು. ಆದರೆ ಒಂದು ಅಂಶ ಯಾರ ಗಮನಕ್ಕೂ ಬರಲಿಲ್ಲ. ಸರ್ಕಾರ ಅಂದು ಶುಲ್ಕವನ್ನು ಬಿಟ್ಟಿತು, ವಿನಾಯಿತಿಯನ್ನು ಕೊಟ್ಟಿತು. ಪರವಾನಗಿಯಿಲ್ಲದೆ ಹೊಂದಿರತಕ್ಕದ್ದಲ್ಲ ಎಂಬ ಮೂರನೆಯ ಪ್ರಕರಣ ಮಾತ್ರ ಪುಸ್ತಕದಲ್ಲಿ ಹಾಗೆಯೇ ಉಳಿಯಿತು. ಅದರ ಸ್ಥಾನವನ್ನು ತುಂಬಲೆಂದು 2023ರ ಡಿಸೆಂಬರಿನಲ್ಲಿ ಅಂಗೀಕಾರವಾದ ದೂರಸಂಪರ್ಕ ಶಾಸನ 2024ರಿಂದ ಭಾಗಭಾಗವಾಗಿ ಜಾರಿಗೆ ಬರತೊಡಗಿದೆ. ಅದನ್ನು ಕುತೂಹಲದಿಂದ ತೆರೆದು ನೋಡಿದೆ. ಅಲ್ಲಿಯೂ ದೂರಸಂಪರ್ಕವೆಂದರೆ ಸಂದೇಶಗಳನ್ನು ಕಳುಹಿಸುವುದು ಮತ್ತು ಸ್ವೀಕರಿಸುವುದು. ಅಲ್ಲಿಯೂ ಮೂರನೆಯ ಪ್ರಕರಣದಲ್ಲಿಯೇ, ರೇಡಿಯೋ ಉಪಕರಣವನ್ನು ಹೊಂದಿರಲು ಅಧಿಕೃತ ಅನುಮತಿ ಬೇಕೆಂಬ ಮಾತು. ಅಲ್ಲಿಯೂ ವಿನಾಯಿತಿ ಕೊಡುವ ಅಧಿಕಾರ ಸರ್ಕಾರದ ಕೈಯಲ್ಲಿ. ತೊಂಬತ್ತು ವರ್ಷಗಳ ತರುವಾಯ ಬರೆದ ಹೊಸ ಪುಸ್ತಕದಲ್ಲಿಯೂ ಬಾಯಿಗೂ ಕಿವಿಗೂ ಅದೇ ಹಗ್ಗ. ಇಂದು ನಿಮ್ಮ ಟ್ರಾನ್ಸಿಸ್ಟರನ್ನು ಯಾರೂ ಹಿಡಿಯಲು ಬರುವುದಿಲ್ಲ, ನಿಜ. ಆದರೆ ವಿನಾಯಿತಿಯೇ ಬೇರೆ, ಹಕ್ಕೇ ಬೇರೆ. ವಿನಾಯಿತಿ ಕೊಟ್ಟವರ ಕೈಯಲ್ಲಿಯೇ ಅದನ್ನು ಹಿಂತೆಗೆದುಕೊಳ್ಳುವ ದಾರವೂ ಇರುತ್ತದೆ.

ಹಕ್ಕಿನ ಮಾತನ್ನು ಆಡಿದವರಿಲ್ಲವೆಂದಲ್ಲ. 1995ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕ್ರಿಕೆಟ್ ಪಂದ್ಯಗಳ ಪ್ರಸಾರದ ವ್ಯಾಜ್ಯದಲ್ಲಿ, ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತು ಎಂದಿತು. ಸಂವಿಧಾನ ಕೊಟ್ಟಿರುವ ವಾಕ್‌ಸ್ವಾತಂತ್ರ್ಯದಲ್ಲಿ ವಿಷಯವನ್ನು ತಿಳಿಸುವುದಷ್ಟೇ ಅಲ್ಲ, ತಿಳಿದುಕೊಳ್ಳುವುದೂ ಸೇರಿದೆಯೆಂದಿತು. ತೀರ್ಪು ಅಷ್ಟು ಸ್ಪಷ್ಟವಿದ್ದರೂ ಆಚರಣೆ ಹಿಂದೆ ಬಿದ್ದಿತು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹಳ್ಳಿಯ ಜನರೇ ‘ನಮ್ಮ ಧ್ವನಿ’ಯೆಂಬ ಸಮುದಾಯ ಬಾನುಲಿಯನ್ನು ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಕಟ್ಟಿದಾಗ, ನಿಸ್ತಂತು ಪ್ರಸಾರಕ್ಕೆ ಅವಕಾಶವಿಲ್ಲದೆ ತಂತಿ ಎಳೆದು ಮನೆಮನೆಗೆ ದನಿ ಮುಟ್ಟಿಸಬೇಕಾಯಿತು. ಸಮುದಾಯ ಬಾನುಲಿಗೆ ಬಾಗಿಲು ಸರಿಯಾಗಿ ತೆರೆದದ್ದು 2006ರಲ್ಲಿ. ಖಾಸಗಿ ಎಫ್.ಎಂ. ಕೇಂದ್ರಗಳು ದಿನವಿಡೀ ಹಾಡಬಹುದು, ಹರಟಬಹುದು. ಸ್ವಂತ ವಾರ್ತೆಯನ್ನು ಓದುವಂತಿಲ್ಲ. ಕಿವಿಯ ಬೀಗ ತೆಗೆದರೂ ಕೇಳತಕ್ಕ ಮಾತಿನ ಕಣಜಕ್ಕೆ ಬೀಗ ಉಳಿಯಿತು.

ಇದಾದ ಮೇಲೆ ಇಂದಿನ ಕಾರಿನ ಸ್ಥಿತಿ. ಈಚೆಗೆ ಪರೀಕ್ಷಾ ಕಾರ್ಯದ ನಿಮಿತ್ತ ಸಹೋದ್ಯೋಗಿಗಳೊಬ್ಬರ ಹೊಸ ಗಾಡಿಯಲ್ಲಿ ಜಗಳೂರಿಗೆ ಹೋಗಿದ್ದೆ. ಗಾಡಿಯ ಮುಂಭಾಗದಲ್ಲಿ ಸ್ಲೇಟಿನಷ್ಟು ದೊಡ್ಡ ಪರದೆ. ಅದರಲ್ಲಿ ದಾರಿ ಕಾಣುತ್ತದೆ, ಹಾಡು ಬರುತ್ತದೆ, ದೂರವಾಣಿ ಮಾತಾಡುತ್ತದೆ. ಜಗಳೂರು ದಾಟಿ ರಂಗಯ್ಯನದುರ್ಗದ ಕಾಡಿನ ಅಂಚಿಗೆ ಬಂದಾಗ ಮೊಬೈಲಿನ ಸಂಪರ್ಕ ಕಡಿಯಿತು. ಹಾಡು ನಿಂತಿತು, ದಾರಿಯ ನಕ್ಷೆ ಹೆಪ್ಪುಗಟ್ಟಿತು. ರೇಡಿಯೋ ಹಾಕಿರೆಂದೆ. ಎಫ್.ಎಂ. ಮಾತ್ರ ಇತ್ತು; ಅದರಲ್ಲಿ ಬರಿಯ ಸುಯ್ಯೆಂಬ ಸದ್ದು. ಮಧ್ಯಮ ತರಂಗವಿಲ್ಲ, ಹ್ರಸ್ವತರಂಗದ ಹೆಸರಂತೂ ನನ್ನ ಸ್ನೇಹಿತರಿಗೆ ಹೊಸದು. ಲಕ್ಷಗಟ್ಟಲೆ ಬೆಲೆಯ ಗಾಡಿ ಕೆಲವು ನಿಮಿಷ ಕಿವುಡಾಗಿತ್ತು. ಐವತ್ತು ವರ್ಷದ ಹಿಂದೆ ಇದೇ ಸೀಮೆಯ ದಾರಿಯಲ್ಲಿ ಮಾವನ ಅಂಬಾಸಡರ್ ಲಂಡನ್ನನ್ನು ಕೇಳುತ್ತಿತ್ತು. ಕಾರಿನಿಂದ ಹ್ರಸ್ವತರಂಗವನ್ನು ಯಾವ ಕಾನೂನೂ ಕಿತ್ತುಹಾಕಲಿಲ್ಲ. ತಯಾರಕರು ಬಿಟ್ಟರು, ಪ್ರಸಾರಕರು ಬಿಟ್ಟರು, ನಾವು ಕೇಳಲಿಲ್ಲ. ಬಿಬಿಸಿಯ ಹಿಂದೀ ಹ್ರಸ್ವತರಂಗ ಪ್ರಸಾರ 2020ರ ಜನವರಿ 31ರಂದು ನಿಂತಿತು.

ವಿದ್ಯುತ್ ಕಾರುಗಳು ಬಂದಂತೆ ಮಧ್ಯಮ ತರಂಗಕ್ಕೂ ಇದೇ ಗತಿ ಬಂದಿದೆ. ಅವುಗಳ ಮೋಟಾರಿನ ವಿದ್ಯುತ್ ಗದ್ದಲ ರೇಡಿಯೋವನ್ನು ಕೆಡಿಸುತ್ತದೆಂಬ ಕಾರಣ ಹೇಳಿ ಹಲವು ತಯಾರಕರು ಆ ಗ್ರಾಹಕ ಯಂತ್ರವನ್ನೇ ಕೈಬಿಡುತ್ತಿದ್ದಾರೆ. ಅಂದು ಎಂಜಿನಿನ ಕಿಡಿಯ ಗದ್ದಲವನ್ನು ಅಡಗಿಸಲು ಶ್ರಮಪಟ್ಟರು. ಇಂದು ಗದ್ದಲವನ್ನು ಉಳಿಸಿಕೊಂಡು ರೇಡಿಯೋವನ್ನು ಅಡಗಿಸುತ್ತಿದ್ದಾರೆ. ಅಮೆರಿಕದಲ್ಲಿ ಪ್ರತಿಯೊಂದು ಕಾರಿನಲ್ಲಿಯೂ ಮಧ್ಯಮ ತರಂಗದ ರೇಡಿಯೋ ಇರಲೇಬೇಕೆಂಬ ಮಸೂದೆಯೊಂದು 2023ರಲ್ಲಿ ಮಂಡಿತವಾಯಿತು. ಬಿರುಗಾಳಿ, ಪ್ರವಾಹಗಳಲ್ಲಿ ಎಚ್ಚರಿಕೆ ಕೊನೆಯತನಕ ತಲುಪುವುದು ಅದರಿಂದಲೇ ಎಂಬುದು ಅದರ ವಾದ. ನಮ್ಮಲ್ಲಿಯೂ ಅದೇ ವರ್ಷದ ಏಪ್ರಿಲಿನಲ್ಲಿ, ಮೊಬೈಲುಗಳಲ್ಲಿ ಎಫ್.ಎಂ. ರೇಡಿಯೋವನ್ನು ಮುಚ್ಚದೆ ಉಳಿಸಿರೆಂದು ಕೇಂದ್ರ ಸರ್ಕಾರ ತಯಾರಕರಿಗೆ ಸಲಹೆ ನೀಡಿತು. ಸಲಹೆ ಎಂಬುದನ್ನು ಗಮನಿಸಬೇಕು. ಕಾಲಚಕ್ರ ಎಷ್ಟು ತಿರುಗಿದೆಯೆಂದರೆ, ರೇಡಿಯೋ ಇಟ್ಟುಕೊಳ್ಳಬೇಡಿರೆಂದು ದಂಡ ಹಾಕುತ್ತಿದ್ದ ಸರ್ಕಾರವೇ ಈಗ ರೇಡಿಯೋ ಇಟ್ಟುಕೊಳ್ಳಿರೆಂದು ಕೇಳಿಕೊಳ್ಳುತ್ತಿದೆ.

ಆ ಕೇಳಿಕೆ ಪೂರ್ಣ ಪ್ರಾಮಾಣಿಕವಾಗಬೇಕಾದರೆ ಇನ್ನೊಂದು ಸಂಗತಿಯನ್ನೂ ನೋಡಬೇಕು. ಇಂದು ಕೇಳುಗನನ್ನು ಹಿಡಿಯುವ ಅಗತ್ಯವಿಲ್ಲ. ಮೂಲದಲ್ಲಿಯೇ ದೀಪ ಆರಿಸಿದರೆ ಸಾಕು. 2019ರ ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ಗೋಲೀಬಾರಾದ ಹೊತ್ತಿನಲ್ಲಿ ಅಲ್ಲಿನ ಮೊಬೈಲ್ ಅಂತರ್ಜಾಲವನ್ನು ಸ್ಥಗಿತಗೊಳಿಸಲಾಯಿತು. ವದಂತಿ ತಡೆಯಲೆಂಬುದು ಕಾರಣ. ವದಂತಿ ಹಬ್ಬುವುದು ನಿಜ. ಸುದ್ದಿಯಿಲ್ಲದ ಕಡೆ ಅದು ಇನ್ನೂ ಬೇಗ ಹಬ್ಬುವುದೂ ನಿಜ. ಮರುತಿಂಗಳು, 2020ರ ಜನವರಿ 10ರಂದು, ಕಾಶ್ಮೀರದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ಆಜ್ಞೆಗಳು ಪ್ರಕಟವಾಗಬೇಕು, ಅಗತ್ಯವನ್ನು ಮೀರಬಾರದು ಎಂದು ವಿಧಿಸಿತು. ಆಜ್ಞೆ ಹೊರಡಿಸುವ ಅಧಿಕಾರ ಹೊಸ ಶಾಸನದಲ್ಲಿಯೂ ಇದೆ. ಅದರಡಿ 2024ರಲ್ಲಿ ನಿಯಮಗಳೂ ಬಂದಿವೆ. ಎಲ್ಲ ಮಾತೂ ಒಂದೇ ಕೊಳವೆಯಲ್ಲಿ ಹರಿಯತೊಡಗಿದಾ ಮೇಲೆ ಆ ಕೊಳವೆಯ ನಲ್ಲಿಯನ್ನು ಹಿಡಿದವನೇ ಒಡೆಯ. ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿದಾಗ, ಹ್ರಸ್ವತರಂಗದ ಕಾಲ ಮುಗಿಯಿತೆಂದು ಎಂದೋ ಹೇಳಿದ್ದ ಬಿಬಿಸಿ 2022ರ ಮಾರ್ಚಿಯಲ್ಲಿ ಆ ಪ್ರದೇಶಕ್ಕಾಗಿ ಅದೇ ಹ್ರಸ್ವತರಂಗವನ್ನು ಮತ್ತೆ ತೆರೆಯಿತು. ಹಳೆಯ ಬಾವಿಯನ್ನು ಮುಚ್ಚಿದವರಿಗೆ ಬರಗಾಲದಲ್ಲಿ ಅದರ ನೆನಪಾಯಿತು. ಜಗಳೂರಿನಂಥ ಬರದ ಸೀಮೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಮಾಡಬೇಕಾದುದೇನು? ಹಳೆಯದನ್ನೆಲ್ಲ ಉಳಿಸಿರೆಂಬ ಹಂಬಲ ನನ್ನದಲ್ಲ. ಹ್ರಸ್ವತರಂಗ ಇಂಪಾಗಿರಲಿಲ್ಲ, ಏರುತ್ತಿತ್ತು, ಇಳಿಯುತ್ತಿತ್ತು, ಕೆಲವು ರಾತ್ರಿ ಬರುತ್ತಲೇ ಇರಲಿಲ್ಲ. ನಾನು ಬಯಸುವುದು ಮೂರನ್ನು. ಒಂದು, ಸಾರ್ವಜನಿಕ ಪ್ರಸಾರವನ್ನು ಬರಿದೇ ಸ್ವೀಕರಿಸುವ ಯಂತ್ರವನ್ನು ಹೊಂದಿರುವುದಕ್ಕೆ ಯಾರ ಅನುಮತಿಯೂ ಬೇಡವೆಂಬುದನ್ನು ಶಾಸನದ ಒಡಲಿನಲ್ಲಿಯೇ ಹಕ್ಕಾಗಿ ಬರೆಯಬೇಕು. ಪ್ರೇಷಕ ಯಂತ್ರಕ್ಕೆ ನಿಯಂತ್ರಣ ಇರಲಿ, ಗ್ರಾಹಕ ಯಂತ್ರ ಆ ಪಂಕ್ತಿಯಲ್ಲಿ ಕೂರಬಾರದು. ಎರಡು, ಕಾರುಗಳಲ್ಲಿ ಅಂತರ್ಜಾಲವನ್ನು ನಂಬದ ರೇಡಿಯೋ ಒಂದು ಇರಲೇಬೇಕು; ಗಾಳಿಚೀಲವನ್ನೂ ಸೀಟಿನ ಪಟ್ಟಿಯನ್ನೂ ಕಡ್ಡಾಯ ಮಾಡಿದವರಿಗೆ ಇದು ಭಾರವಲ್ಲ. ಆಕಾಶವಾಣಿಯ ಮಧ್ಯಮ ತರಂಗದ ಡಿಜಿಟಲ್ ಪ್ರಸಾರವನ್ನು ಹಿಡಿಯಬಲ್ಲ ಕಾರುಗಳು ನಮ್ಮ ದೇಶದಲ್ಲಿ ಲಕ್ಷಗಟ್ಟಲೆ ಮಾರಾಟವಾಗಿರುವುದರಿಂದ ಇದು ಆಗದ ಮಾತೂ ಅಲ್ಲ. ಮೂರು, ಪ್ರವಾಹವೋ ಗಲಭೆಯೋ ಉಂಟಾದಾಗ ಕನ್ನಡದಲ್ಲಿ ನಿಜಸುದ್ದಿಯನ್ನು ನಾಡಿನ ಮೂಲೆಮೂಲೆಗೂ ತಲುಪಿಸುವ ಒಂದು ದೂರಗಾಮಿ ತರಂಗವನ್ನಾದರೂ ಸಾರ್ವಜನಿಕ ಪ್ರಸಾರ ಸಂಸ್ಥೆ ಜೀವಂತವಾಗಿಡಬೇಕು.

ಆ ವಿದ್ಯಾರ್ಥಿನಿಗೆ ಮರುವಾರ ಉತ್ತರ ಹೇಳಿದೆ. ಹೌದಮ್ಮ, ಕೇಳುವುದಕ್ಕೂ ಲೈಸೆನ್ಸು ಬೇಕಾಗಿತ್ತು, ಈಗ ಬೇಡ, ಆದರೆ ಬೇಡವೆಂಬ ಮಾತು ನಿನ್ನದಾಗಿಲ್ಲ, ಇನ್ನೂ ಅವರದಾಗಿಯೇ ಇದೆ ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ತಮ್ಮ ಅಜ್ಜನ ಟ್ರಾನ್ಸಿಸ್ಟರು ಮನೆಯ ಗೂಡಿನಲ್ಲಿ ಇನ್ನೂ ಇದೆ, ಸೆಲ್ಲು ಹಾಕಿ ನೋಡುತ್ತೇನೆ ಎಂದಳು.

ಮಾವನ ಪುಸ್ತಕ ಈಗ ನನ್ನ ಮೇಜಿನ ಮೇಲಿದೆ. ಕಡೆಯ ಮುದ್ರೆಯ ನಂತರ ಹಲವು ಪುಟಗಳು ಖಾಲಿಯಿವೆ. ಶುಲ್ಕ ರದ್ದಾದ ಮೇಲೂ ಮಾವ ಆ ಪುಸ್ತಕವನ್ನು ಎಸೆಯಲಿಲ್ಲ. ಒಮ್ಮೆ ಕೇಳಿದ್ದಕ್ಕೆ, “ಇರಲಿ ಬಿಡಪ್ಪ, ಯಾವತ್ತು ಮತ್ತೆ ಕೇಳ್ತಾರೋ” ಎಂದಿದ್ದರು. ನಾನಂತೂ ಅಂದು ಅದನ್ನು ಮುದುಕರ ಅಂಜಿಕೆಯೆಂದು ತಿಳಿದಿದ್ದೆ.